ಎಚ್ಚರವೂ ವಿವೇಕವೂ

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದ ಸುತ್ತಿನಲ್ಲಿಯೂ, ಹುಣಸೂರು ಪಿರಿಯಾಪಟ್ಟಣಗಳ ಕಡೆಯಲ್ಲಿಯೂ ಹೊಗೆಸೊಪ್ಪು ಬೆಳೆಯುವ ಮನೆಗಳಿಗೆ ಶ್ರಾವಣ ಭಾದ್ರಪದಗಳೆಂದರೆ ನಿದ್ದೆಗೆಡುವ ಕಾಲ. ಬಿಡಿಸಿ ತಂದ ಹಸಿಯೆಲೆಗಳನ್ನು ಕಡ್ಡಿಗಳಿಗೆ ಕಟ್ಟಿ ಬ್ಯಾರನ್ನಿನೊಳಗೆ ತೂಗಹಾಕಿದ ಮೇಲೆ ಐದಾರು ದಿನ ಹಗಲಿರುಳೂ ಒಲೆಯ ಉರಿ ಆರಬಾರದು, ಮೀರಲೂ ಬಾರದು. ಎಲೆ ಹಳದಿಗೆ ತಿರುಗುವವರೆಗೆ ಫ್ಯಾರನ್‌ಹೀಟ್ ಮಾನದ ನೂರು ಡಿಗ್ರಿಯ ಆಸುಪಾಸಿನಲ್ಲಿರುವ ಕಾವು, ನಡುದಂಟು ಒಣಗುವ ಹೊತ್ತಿಗೆ ಮೆಲ್ಲಮೆಲ್ಲನೆ 160ರವರೆಗೆ ಏರಬೇಕು. ಆತುರಪಟ್ಟರೆ ಬಣ್ಣ ಕೆಟ್ಟು ಬೆಲೆ ಬೀಳುವುದು. ಒಣಗಿದ ಎಲೆಯೊಂದು ಕಾದ ಕೊಳವೆಯ ಮೇಲೆ ಬಿದ್ದು ಹೊತ್ತಿಕೊಂಡರಂತೂ ತಿಂಗಳುಗಳ ದುಡಿಮೆ ಬೂದಿಯಾಗುವುದು. ಆದುದರಿಂದ ಮನೆಯವನೊಬ್ಬನು ಕಾಫಿ ಕುಡಿಯುತ್ತಲೋ ಬೀಡಿ ಸೇದುತ್ತಲೋ ಒಲೆಯ ಮುಂದೆ ಕುಳಿತಿರುವನು. ನಿದ್ರೆಯನ್ನು ದೂಡುವ ಗುಣವು ಆ ಸೊಪ್ಪಿನಲ್ಲಿಯೇ ಇದೆಯಾದರೂ ಅದನ್ನು ಕಾಯುವವನಿಗೆ ಅದು ಸಾಲದೆ ಹೋಗುವುದೊಂದು ವಿನೋದ.

ಇಂತಹವನಿಗೆ ನಿದ್ರೆಯೇ ಬಾರದಂತೆ ಮಾಡುವ ಗುಳಿಗೆಯೊಂದನ್ನು ಕೊಟ್ಟರೆ ಉಪಕಾರವೋ ಅಪಕಾರವೋ?

ಎಚ್ಚರವಿರುವಷ್ಟು ಕಾಲವೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ದ್ರವ್ಯವು ಸಂಚಯವಾಗುತ್ತ ನಿದ್ರೆಯನ್ನು ಕರೆಯುವುದೆಂದು ಶರೀರಶಾಸ್ತ್ರಜ್ಞರು ಹೇಳುವರು. ಕಾಫಿಯಲ್ಲಿರುವ ಕೆಫೀನು ಆ ದ್ರವ್ಯವು ಬಂದು ಕೂಡಬೇಕಾದ ಸ್ಥಾನಗಳನ್ನು ತಾನು ಆಕ್ರಮಿಸಿಕೊಳ್ಳುವುದು. ಕರೆಯುವವನು ಹೊರಗೆ ಕೂಗುತ್ತಲೇ ಇರುವನು. ಬಾಗಿಲು ಮಾತ್ರ ಹಾಕಿದೆ. ಮೊಡಾಫಿನಿಲ್ ಎಂಬುದು ಬೇರೆ ಬಗೆಯ ಔಷಧ. ಅದು 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಸಿದ್ಧವಾಯಿತು. ಹಗಲಿನಲ್ಲಿಯೇ ತಡೆಯಲಾರದ ನಿದ್ರೆ ಕವಿಯುವ ನಾರ್ಕೊಲೆಪ್ಸಿ ಎಂಬ ವ್ಯಾಧಿಗಾಗಿ ಅಮೆರಿಕದ ಸರ್ಕಾರವು 1998ರಲ್ಲಿ ಅದಕ್ಕೆ ಅನುಮತಿಯಿತ್ತಿತು. ರೋಗಿಗಳಿಗೆ ಅದರಿಂದಾದ ಪ್ರಯೋಜನವನ್ನು ಅಲ್ಲಗಳೆಯುವಂತಿಲ್ಲ. ಸಂದೇಹವೇಳುವುದು ಆರೋಗ್ಯವಂತರ ವಿಷಯದಲ್ಲಿ: ಪರೀಕ್ಷೆಯ ಹಿಂದಿನ ರಾತ್ರಿಯ ವಿದ್ಯಾರ್ಥಿ, ಅಮೆರಿಕದ ಹಗಲಿಗಾಗಿ ಬೆಂಗಳೂರಿನಲ್ಲಿ ಇರುಳೆಲ್ಲ ದುಡಿಯುವ ತರುಣ, ಬೆಳಗಾಗುವುದರೊಳಗೆ ಸರಕು ಮುಟ್ಟಿಸಬೇಕಾದ ಲಾರಿಯ ಚಾಲಕ.

ಬರಾನ್‌ಸ್ಕಿ, ಪಿಜೊ ಎಂಬ ಕೆನಡಾದ ವಿದ್ವಾಂಸರು 1997ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ವಿಚಾರಯೋಗ್ಯವಾಗಿದೆ. 64 ಗಂಟೆಗಳ ಕಾಲ ನಿದ್ರೆಯಿಲ್ಲದೆ ಬುದ್ಧಿಯ ಕೆಲಸದಲ್ಲಿ ತೊಡಗಿದವರಲ್ಲಿ ಕೆಲವರಿಗೆ ಮೊಡಾಫಿನಿಲನ್ನು ಕೊಟ್ಟರು. ಅವರ ಕೆಲಸವೇನೋ ಉತ್ತಮವಾಯಿತು. ಆದರೆ ತಾವು ಎಷ್ಟು ಸರಿಯಾಗಿ ಮಾಡಿದೆವೆಂದು ಅವರು ತಿಳಿದುಕೊಂಡಿದ್ದುದು ವಾಸ್ತವಕ್ಕಿಂತ ಹೆಚ್ಚಾಗಿದ್ದಿತು. ಔಷಧವನ್ನು ಸೇವಿಸಿದ ಎರಡರಿಂದ ನಾಲ್ಕು ಗಂಟೆಗಳೊಳಗೆ ಈ ಭ್ರಮೆ ಪ್ರಬಲವಾಗಿದ್ದಿತು. ಒಂದು ಪ್ರಯೋಗದಿಂದ ಸಿದ್ಧಾಂತವಾಗದೆಂಬುದು ನಿಜವೇ. ಆದರೆ ಔಷಧವಿಲ್ಲದೆಯೂ ಇಂತಹುದೇ ಒಂದು ಸಂಗತಿಯನ್ನು ಅಮೆರಿಕದವರು 2003ರಲ್ಲಿ ಪ್ರಕಟಿಸಿದರು. ಎರಡು ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಿದವರ ಅವಧಾನವು, ಎರಡು ರಾತ್ರಿ ಪೂರ್ತಿಯಾಗಿ ನಿದ್ದೆಗೆಟ್ಟವರ ಮಟ್ಟದವರೆಗೂ ಕುಗ್ಗಿತು; ಅವರಿಗಾದರೋ ಅದು ಬಹುಮಟ್ಟಿಗೆ ತಿಳಿಯಲೇ ಇಲ್ಲ.

ಕಣ್ಣು ತೆರೆದಿರುವುದು ಒಂದು, ತನ್ನ ತಪ್ಪನ್ನು ತಾನು ಕಾಣುವುದು ಇನ್ನೊಂದು. ಗುಳಿಗೆಯು ಮೊದಲನೆಯದನ್ನು ಬಹುಪಾಲು ಮರಳಿ ಕೊಡಬಲ್ಲುದು. ಎರಡನೆಯದು ಮರಳಿ ಬಂದಿದೆಯೇ ಎಂದು ಯಾರನ್ನು ಕೇಳುವುದು? ಅವನನ್ನೇ ಕೇಳಬೇಕು; ಅವನೋ "ನಾನು ಸರಿಯಾಗಿಯೇ ಇದ್ದೇನೆ" ಎನ್ನುವನು. ಅವನು ಸುಳ್ಳು ಹೇಳುತ್ತಿಲ್ಲ. ಕೊಳಗವೇ ಸವೆದಿರುವಾಗ ಅದೇ ಕೊಳಗದಿಂದ ಅಳೆದು ರಾಗಿ ಕಡಿಮೆಯಿಲ್ಲವೆಂದಂತೆ ಇದು. ಮದ್ಯಪಾನ ಮಾಡಿದ ಚಾಲಕನ ಉಸಿರನ್ನು ಅಳೆಯಲು ಪೋಲೀಸರಲ್ಲಿ ಯಂತ್ರವುಂಟು. ನಿದ್ದೆಗೆಟ್ಟವನ ವಿವೇಕವನ್ನು ಅಳೆಯಲು ರಸ್ತೆಯ ಮೇಲೆ ಅಂತಹ ಉಪಾಯವಿಲ್ಲ.

ನಿದ್ರೆಯನ್ನು ಗೆಲ್ಲುವುದು ಪುರುಷಾರ್ಥವಲ್ಲವೇ, ಅರ್ಜುನನಿಗೆ ಗುಡಾಕೇಶನೆಂಬ ಹೆಸರು ಅದರಿಂದಲೇ ಬಂದಿತಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಆ ಗುಡಾಕೇಶನು ದ್ರೋಣಪರ್ವದಲ್ಲಿ ಮಾಡಿದುದನ್ನು ಅವರು ನೆನೆಯಬೇಕು. ಹದಿನಾಲ್ಕನೆಯ ದಿನದ ಯುದ್ಧವು ರಾತ್ರಿಯೂ ಮುಂದುವರಿದು, ಘಟೋತ್ಕಚನು ಬಿದ್ದ ಮೇಲೆ, ಸೈನಿಕರು ನಿದ್ರೆಯ ಮಂಪರಿನಲ್ಲಿ ತಮ್ಮವರಾರು ಪರರಾರೆಂದು ಕಾಣದಾದರು. ಆಗ ಅರ್ಜುನನು, ಚಂದ್ರೋದಯದವರೆಗೆ ರಣರಂಗದಲ್ಲಿಯೇ ಮಲಗಿರೆಂದು ಕೂಗಿ ಹೇಳಿದನು. ಶತ್ರುಸೈನ್ಯವೂ ಅವನನ್ನು ಹರಸಿ, ಆನೆ ಕುದುರೆ ರಥಗಳ ಮೇಲೆ ಇದ್ದಲ್ಲಿಯೇ ಒರಗಿತು. ನಿದ್ರೆಯನ್ನು ಗೆದ್ದವನು ಆ ಗೆಲುವನ್ನು ಇತರರ ಮೇಲೆ ಹೇರಲಿಲ್ಲ.

ಒಂದು ರಾತ್ರಿಯ ಆಪತ್ತಿಗೆ, ವೈದ್ಯನ ಮಾತಿನಂತೆ, ಔಷಧವನ್ನು ಕೊಳ್ಳುವುದನ್ನು ಯಾರೂ ನಿಂದಿಸಲಾರರು. ಇಬ್ಬರ ಕೆಲಸಕ್ಕೆ ಒಬ್ಬನನ್ನೇ ನೇಮಿಸಿ, ಎರಡನೆಯವನ ಕೂಲಿಯನ್ನು ಗುಳಿಗೆಯಿಂದ ಉಳಿಸಿಕೊಳ್ಳುವ ಯಜಮಾನನ ಮಾತು ಬೇರೆ. ಒಲೆಯ ಮುಂದಿನವನಿಗೆ ಅಂತಹ ಯಜಮಾನನೂ ಇಲ್ಲ. ತನಗೆ ತಾನೇ ಯಜಮಾನ, ತಲೆಯ ಮೇಲೆ ಸಾಲ. ಆದುದರಿಂದಲೇ ಅವನಿಗೆ ಮಲಗೆಂದು ಹೇಳುವುದು ಕಷ್ಟ. ಕೋಳಿ ಕೂಗುವ ಮುನ್ನ ಹೆಂಡತಿ ಎದ್ದು ಬಂದು, ನಿದ್ರೆ ಬರುತ್ತಿದೆಯೇ ಎಂದು ಅವನನ್ನು ಕೇಳದೆ, ಶಾಖಮಾಪಕವನ್ನು ತಾನೇ ನೋಡಿ, ಅವನ ಕೈಯಿಂದ ಸೌದೆಯನ್ನು ತೆಗೆದುಕೊಳ್ಳುವಳು.