ಮೊದಲು ಹುಡುಕಿದ ಜಾಗ

ಮನೆಯ ಹಳೆಯ ಕಂಪ್ಯೂಟರು ನಿವೃತ್ತರಾದ ಅಪ್ಪನಿಗೋ ಹೈಸ್ಕೂಲು ಸೇರಿದ ಮಗಳಿಗೋ ಹೋಗುವುದು ಈಗ ಸಾಮಾನ್ಯ. ಹಳೆಯ ಯಂತ್ರಕ್ಕೆ ಹಗುರವಾಗಲಿ, ದುಡ್ಡೂ ಉಳಿಯಲಿ ಎಂದು ಕೆಲವರು ಅದಕ್ಕೆ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಕೊಡುತ್ತಾರೆ. ಹೊಸಬರು ಕೆಳಗಿನ ಮೂಲೆಯ ಮೆನು ಒತ್ತಿದರೆ ಹತ್ತಾರು ಹೆಸರುಗಳು ಸಾಲುಗಟ್ಟುತ್ತವೆ. ಬ್ಯಾಂಕಿಗೆ ಒಂದು ಅರ್ಜಿ ಟೈಪು ಮಾಡಬೇಕೆಂದು ಕೂತವರಿಗೆ ಫೈರ್‌ಫಾಕ್ಸ್, ಥಂಡರ್‌ಬರ್ಡ್, ಲಿಬ್ರೆ ಆಫೀಸ್‌ಗಳಲ್ಲಿ ಯಾವುದು ತಮ್ಮ ಕೆಲಸಕ್ಕೆ ಬರುತ್ತದೆಂದು ತಿಳಿಯುವುದಾದರೂ ಹೇಗೆ?

ಈ ತೊಡಕು ವ್ಯವಸ್ಥೆಯನ್ನು ಕಟ್ಟಿದವರಿಗೂ ಗೊತ್ತು. ಲಿನಕ್ಸಿನಲ್ಲಿ ಮೆನುವಿಗೆ ಬರುವ ಪ್ರತಿ ತಂತ್ರಾಂಶಕ್ಕೂ ಒಂದು ಪುಟ್ಟ ಕಡತವಿರುತ್ತದೆ. ಅದರ ಹೆಸರೇನು, ಚಿತ್ರ ಯಾವುದು, ಆಫೀಸ್, ಇಂಟರ್ನೆಟ್, ಗ್ರಾಫಿಕ್ಸ್ ಎಂಬ ವಿಭಾಗಗಳಲ್ಲಿ ಎಲ್ಲಿ ಸೇರಬೇಕು ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ಫೈರ್‌ಫಾಕ್ಸ್‌ಗೆ ‘ವೆಬ್ ಬ್ರೌಸರ್’ ಎನ್ನುವ ಹಾಗೆ, ಮಾಡುವ ಕೆಲಸವನ್ನು ಹೇಳುವ ಇನ್ನೊಂದು ಹೆಸರಿಗೂ ಅದರಲ್ಲಿ ಜಾಗವಿದೆ. ಬೇಡದ್ದನ್ನು ಮೆನು ಎಡಿಟರಿನಲ್ಲಿ ಮರೆಮಾಡಬಹುದು; ಕಣ್ಣಿಗೆ ಕಾಣದಿದ್ದರೂ ತಂತ್ರಾಂಶ ಅಳಿದುಹೋಗುವುದಿಲ್ಲ. ದಿನವೂ ಬೇಕಾದ ನಾಲ್ಕೈದನ್ನು ಫೇವರಿಟ್ಸ್‌ಗೆ ಸೇರಿಸಿದರೆ ಒಗ್ಗರಣೆ ಡಬ್ಬಿಯಂತೆ ಸದಾ ಕೈಗೆ ಸಿಗುತ್ತವೆ.

ಒಮ್ಮೆ ಜೋಡಿಸಿದ್ದನ್ನು ಕದಲಿಸುವಾಗಲೂ ಎಚ್ಚರ ಬೇಕು. 1995ರಲ್ಲಿ ಬಂದ ವಿಂಡೋಸಿನ ಸ್ಟಾರ್ಟ್ ಬಟನ್ನಿಗೆ ಜನ ಹೊಂದಿಕೊಂಡಿದ್ದರು. 2012ರ ವಿಂಡೋಸ್ 8 ಅದನ್ನು ತೆಗೆದು, ಪರದೆಯ ತುಂಬ ಬಣ್ಣದ ಚೌಕಗಳನ್ನು ಹರಡಿತು. ವರ್ಷಗಳಿಂದ ಕಣ್ಮುಚ್ಚಿ ಕೆಲಸ ಮಾಡುತ್ತಿದ್ದವರೂ ತಡಬಡಿಸಿದರು. ಮರುವರ್ಷವೇ ಬಟನ್ ಹಿಂತಿರುಗಿತು. 2015ರಲ್ಲಿ ವಿಂಡೋಸ್ 10ರೊಂದಿಗೆ ಅದನ್ನು ಒತ್ತಿದರೆ ತೆರೆಯುತ್ತಿದ್ದ ಮೆನುವೂ ಮರಳಿ ಬಂತು. ಅಭ್ಯಾಸವೆಂಬುದು ಮನುಷ್ಯ ದುಡಿದು ಗಳಿಸಿದ ಸೊತ್ತು. ಕೇಳದೆ ಕಸಿದುಕೊಂಡರೆ ಯಾರಿಗಾದರೂ ನೋವಾಗುತ್ತದೆ.

ಬಲ್ಲವರಿಗೆ ಒಂದು ತೊಂದರೆಯಿದೆ: ತಮಗೆ ತಿಳಿಯದಿದ್ದ ದಿನಗಳು ಅವರಿಗೆ ಮರೆತುಹೋಗಿರುತ್ತವೆ. ಆದ್ದರಿಂದ ಇನ್ನೊಬ್ಬರಿಗಾಗಿ ಮೆನು ಜೋಡಿಸುವ ಮುನ್ನ ಮೌಸನ್ನು ಅವರ ಕೈಗೇ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕೂತು, “ಕ್ಯಾಲ್ಕ್ಯುಲೇಟರ್ ಎಲ್ಲಿರಬಹುದು, ಹುಡುಕಿ” ಎನ್ನಬಹುದು. ಅವರು ಆಕ್ಸೆಸರೀಸ್ ಬಿಟ್ಟು ಆಫೀಸಿನಲ್ಲಿ ಹುಡುಕಿದರೆ ತಪ್ಪೇನೂ ಇಲ್ಲ, ಅದನ್ನು ಅಲ್ಲಿಗೇ ಒಯ್ದಿಟ್ಟರಾಯಿತು. ನಮ್ಮ ವಿವೇಕಕ್ಕೆ ತಕ್ಕಂತೆ ಜೋಡಿಸಿಟ್ಟು, ಆಮೇಲೆ ಪ್ರತಿಸಲವೂ “ಎಷ್ಟು ಸಲ ಹೇಳಬೇಕು?” ಎಂದು ಸಿಡುಕುವುದಕ್ಕಿಂತ ಇದು ಸುಲಭ. ಉಪಕಾರ ಮಾಡುವವನು ತನ್ನ ಅನುಕೂಲವನ್ನು ಸ್ವಲ್ಪ ಬದಿಗಿಟ್ಟರೆ, ಪಡೆಯುವವನು ಮತ್ತೆ ಮತ್ತೆ ಕೈಚಾಚಬೇಕಾಗುವುದಿಲ್ಲ.