ಕೊಟ್ಟ ಮೇಲೆ ಕಾಣಿಕೆ ಯಾರದು?

ಹೆಣ್ಣುಮಕ್ಕಳ ಒಂದು ಸಣ್ಣ ಕಾಲೇಜಿನ ದುರಸ್ತಿಗೆ, ಅದರ ಪ್ರಯೋಗಾಲಯಕ್ಕೆ ಹಣ ಕೂಡಿಸಲು ನಮ್ಮ ಯುವಜನರು ಮನೆಮನೆಗೆ ಹೋಗುತ್ತಿರುವುದು ತಮಗೆಲ್ಲ ಗೊತ್ತು. ಹೋದಲ್ಲೆಲ್ಲ ಕಾಫಿ ಸಿಕ್ಕಿದೆ, ಜೊತೆಗೆ ಒಂದು ಪ್ರಶ್ನೆಯೂ ಸಿಕ್ಕಿದೆ. "ಕೊಡ್ತೀವಮ್ಮ, ಆದರೆ ಅಲ್ಲಿ ಕನ್ನಡ ಕಲಿಸ್ತಾರಾ? ನಮ್ಮ ಮಕ್ಕಳಿಗೆ ಸೀಟು ಕೊಡ್ತಾರಾ?" ಇದನ್ನು ಜಿಪುಣರ ನೆಪವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಈ ಧರ್ಮಪ್ರಾಂತ್ಯದಲ್ಲಿ ಚಿಕ್ಕ ಗುಂಪಿನವರು ಹಾಗೆ ಕೇಳುವುದು ಸಹಜ. ಆದರೆ ಕೊಡುವವರು ಷರತ್ತು ಹಾಕಬಹುದೇ? ಹಾಕಿದ ಷರತ್ತು ಎಷ್ಟು ಕಾಲ ನಿಲ್ಲಬೇಕು?

ಚಿಕಿತ್ಸೆಗೆಂದು ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಹೋಗಿಬಂದವರು ನಮ್ಮಲ್ಲಿ ಬಹಳ ಮಂದಿ. ಅಲ್ಲಿನ ವೈದ್ಯಕೀಯ ಕಾಲೇಜು 1918ರಲ್ಲಿ ಹೆಂಗಸರಿಗೆ ಮಾತ್ರ ಎಂದು ತೆರೆದ ಸಣ್ಣ ಶಾಲೆ. ತೆರೆದವರು ಡಾ. ಐಡಾ ಸ್ಕಡರ್. ಅವರು ಪ್ರಾಟೆಸ್ಟೆಂಟ್ ಮಿಷನರಿ, ಆದರೂ ಹಣ ಬೇಡುವ ಕಷ್ಟ ಎಲ್ಲ ಸಭೆಯವರಿಗೂ ಒಂದೇ. 1920ರ ದಶಕದ ಆರಂಭದಲ್ಲಿ ಲೂಸಿ ಪೀಬಾಡಿ ಎಂಬ ಮಹಿಳೆಯ ಮುಂದಾಳತ್ವದಲ್ಲಿ ಅಮೆರಿಕದ ಚರ್ಚುಗಳ ಹೆಂಗಸರು ಭಾರತ, ಚೀನಾ, ಜಪಾನಿನ ಏಳು ಮಹಿಳಾ ಕಾಲೇಜುಗಳಿಗಾಗಿ ನಿಧಿ ಕೂಡಿಸಿದರು. ವೆಲ್ಲೂರು ಅವುಗಳಲ್ಲಿ ಒಂದು, ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು ಇನ್ನೊಂದು. ಇಪ್ಪತ್ತು ಲಕ್ಷ ಡಾಲರ್ ನೀವು ಕೂಡಿಸಿದರೆ ಹತ್ತು ಲಕ್ಷ ನಾವು ಕೊಡುತ್ತೇವೆ ಎಂದು ರಾಕ್‌ಫೆಲ್ಲರ್ ನಿಧಿಯವರು ಮಾತು ಕೊಟ್ಟಿದ್ದರು. ಸಾಮಾನ್ಯ ಹೆಂಗಸರು ಒಂದೊಂದು ಡಾಲರಿನಂತೆ ಕೊಟ್ಟರು.

ಮುಂದೆ ಕಷ್ಟ ಬಂತು. 1930ರ ದಶಕದ ಕೊನೆಯಲ್ಲಿ ಮದ್ರಾಸ್ ಸರ್ಕಾರ ಡಿಪ್ಲೊಮಾ ಸಾಲದು, ವೈದ್ಯರಿಗೆ ವಿಶ್ವವಿದ್ಯಾಲಯದ ಪದವಿಯೇ ಬೇಕು ಎಂದಿತು. ಅದಕ್ಕೆ ಹೆಚ್ಚು ಹಾಸಿಗೆ, ಹೆಚ್ಚು ಅಧ್ಯಾಪಕರು, ಕೈಗೆಟುಕದಷ್ಟು ಹಣ ಬೇಕಾಯಿತು. ಗಂಡುಮಕ್ಕಳನ್ನೂ ಸೇರಿಸಿಕೊಂಡರೆ ಬೇರೆ ಮಿಷನ್‌ಗಳ ನೆರವು ಸಿಗುತ್ತಿತ್ತು. ಐಡಾ ಒಪ್ಪಿದರು. ಲೂಸಿ ಪೀಬಾಡಿ ಒಪ್ಪಲಿಲ್ಲ. ಹೆಂಗಸರು ಹೆಂಗಸರಿಗಾಗಿ ಕೊಟ್ಟ ದುಡ್ಡು ಅದು ಎಂಬುದು ಅವರ ವಾದ. ಹಳೆಯ ಸ್ನೇಹಕ್ಕೇ ಪೆಟ್ಟು ಬಿತ್ತು. 1947ರಲ್ಲಿ ಗಂಡುಮಕ್ಕಳು ಒಳಗೆ ಬಂದರು.

ಐಡಾ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಹುಡುಗಿಯರು ವೈದ್ಯರಾಗಬೇಕು ಎಂಬುದು ಕೊಟ್ಟವರ ಆಸೆ. ಷರತ್ತಿನ ಅಕ್ಷರ ಹಿಡಿದು ಕುಳಿತಿದ್ದರೆ ಆ ಆಸೆಯೇ ಸಾಯುತ್ತಿತ್ತು. ಆದರೆ ಪೀಬಾಡಿಯವರ ನೋವು ಸುಳ್ಳಲ್ಲ. ಒಂದು ಡಾಲರ್ ಕೊಟ್ಟ ಹೆಂಗಸನ್ನು ಯಾರೂ ಮತ್ತೆ ಕೇಳಿರಲಾರರು. ದೊಡ್ಡ ದಾನಿಗೆ ಸಮಿತಿಯಲ್ಲಿ ಕುರ್ಚಿ ಇರುತ್ತದೆ, ಸಣ್ಣ ದಾನಿಗೆ ಇರುವುದು ನಂಬಿಕೆಯೊಂದೇ.

ಎರಡು ಕಾಸು ಹಾಕಿದ ವಿಧವೆಯ ಪ್ರಸಂಗವನ್ನು ಕಾಣಿಕೆಯ ಸಮಯದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಮಾರ್ಕನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ ಅದಕ್ಕೆ ತುಸು ಮುಂಚೆಯೇ, ವಿಧವೆಯರ ಮನೆಗಳನ್ನು ನುಂಗುವ ಧರ್ಮಶಾಸ್ತ್ರಿಗಳನ್ನು ಯೇಸುಸ್ವಾಮಿ ಖಂಡಿಸುತ್ತಾರೆ. ಆಕೆಯ ಮನಸ್ಸನ್ನು ಹೊಗಳಿದರೆಂದು ಪೆಟ್ಟಿಗೆ ಕಾಯುವವರ ಲೆಕ್ಕ ಮನ್ನಾ ಆಗುವುದಿಲ್ಲ. ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸಿದ ಸಂತ ಪೌಲರು, ಯಾರೂ ಬೆರಳು ತೋರಿಸಬಾರದೆಂದು ತೀತನ ಜೊತೆಗೆ ಸಭೆಗಳು ಆರಿಸಿದ ಸಹೋದರನನ್ನೂ ಕಳುಹಿಸಿದರು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯವನ್ನು ಹಣ ಮುಟ್ಟುವ ಪ್ರತಿ ಸಮಿತಿಯೂ ಓದಬೇಕು.

ಇನ್ನು ಹೊಸೂರಿಗೆ ಬರೋಣ. ಪ್ಲಸ್ ಟೂ ಮುಗಿಸಿದ ಹುಡುಗಿಯನ್ನು ಕಾರ್ಖಾನೆಯ ಬಸ್ಸು ಊರ ಹತ್ತಿರಕ್ಕೇ ಬಂದು ಕರೆದೊಯ್ಯುತ್ತದೆ. ಮೊಬೈಲ್ ಜೋಡಿಸುವ ಕೆಲಸದ ಸಂಬಳದಲ್ಲಿ ಮನೆಯ ಸಾಲ ತೀರುತ್ತದೆ, ಅದನ್ನು ನಾನು ಹೀಗಳೆಯುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರುವ ಹುಡುಗಿಗೆ ಪುದುಮೈ ಪೆಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಬರುತ್ತದೆ. ಕಾರ್ಖಾನೆ ಕೊಡುವುದರ ಮುಂದೆ ಅದು ಎಷ್ಟರದು? ತಳಿ, ಅಂಚೆಟ್ಟಿ ಕಡೆಯ ಅಪ್ಪ-ಅಮ್ಮ ಮಗಳನ್ನು ಬೆಂಗಳೂರಿಗೆ ಕಳುಹಿಸಲು ಹೆದರುತ್ತಾರೆ. ಹತ್ತಿರದ ಸಣ್ಣ ಕಾಲೇಜು ಗಟ್ಟಿಯಾಗಿ ನಿಂತರೆ ಓದಬೇಕೋ ದುಡಿಯಬೇಕೋ ಎಂದು ಆರಿಸಿಕೊಳ್ಳಲು ಆಕೆಗೆ ಎರಡು ದಾರಿಯಾದರೂ ಇರುತ್ತದೆ.

ಬಿಎಸ್ಸಿ ಓದಿದವಳಾಗಿ ಇನ್ನೊಂದು ಮಾತು. ಬೆಂಚಿನ ಮೇಲೆ, ಬಾಗಿಲ ಮೇಲೆ ಹೆಸರು ಬರೆಸಲು ಜನ ಸಿಗುತ್ತಾರೆ. ಆಸಿಡ್ ಬಾಟಲಿಯ ಮೇಲೆ ಯಾರೂ ಹೆಸರು ಕೇಳುವುದಿಲ್ಲ, ಅದು ತಿಂಗಳಲ್ಲಿ ಖಾಲಿ. ಒಡೆಯುವ ಬ್ಯುರೆಟ್, ಲ್ಯಾಬ್ ಸಹಾಯಕಿಯ ಸಂಬಳ, ಸೋರುವ ಸೂರು, ಕಾಲೇಜು ಸೊರಗುವುದು ಇವುಗಳಿಂದಲೇ.

ಕನ್ನಡದ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಕೇಳೋಣ, ಆದರೆ ಕೊಡುವ ಮುಂಚೆ, ಬಾಯಿಬಿಟ್ಟು ಕೇಳೋಣ. ಕಾಲೇಜಿನ ಸಿಸ್ಟರ್‌ಗಳು ಆಗುವುದಿಲ್ಲ ಎಂದರೂ ನಾನು ನನ್ನ ಪಾಲು ಕೊಡುತ್ತೇನೆ. ತಮಿಳು ಓದುವ ಹುಡುಗಿ ಪರರ ಮಗಳಲ್ಲ. ಕೊಡದವರನ್ನು ಯಾರೂ ಆಡಿಕೊಳ್ಳಬಾರದು. ರಸೀದಿಯಲ್ಲಿ 'ಕಟ್ಟಡಕ್ಕೆ', 'ಪ್ರಯೋಗಾಲಯಕ್ಕೆ', 'ಯಾವುದಕ್ಕಾದರೂ' ಎಂದು ಮೂರು ಗೆರೆ ಹಾಕಿಸಿದ್ದೇವೆ. ಹಣ ಬೇರೆ ಕೆಲಸಕ್ಕೆ ಹೋಗಬೇಕಾಗಿ ಬಂದರೆ ಭಾನುವಾರದ ಕನ್ನಡ ಪೂಜೆಯ ನಂತರ ಮೊದಲು ತಮ್ಮ ಮುಂದೆ ಓದಿ ಹೇಳಬೇಕೆಂದು ಗುರುಗಳನ್ನು ಕೇಳಿಕೊಂಡಿದ್ದೇವೆ.