ತಿತಿಕ್ಷೆಯೂ ಔಷಧವೂ

ದುಃಖವನ್ನು ಕುರಿತು ನಮ್ಮ ಶಾಸ್ತ್ರಗಳು ಹೇಳಿರುವುದರಲ್ಲಿ ದೀರ್ಘರೋಗಿಗೆ ಅತ್ಯಂತ ಕಠಿನವಾಗಿ ತೋರುವುದು, ಶಂಕರಾಚಾರ್ಯರದೆಂದು ಪರಂಪರೆ ನಂಬಿರುವ 'ವಿವೇಕಚೂಡಾಮಣಿ'ಯ ತಿತಿಕ್ಷಾಲಕ್ಷಣ. ಒದಗಿದ ದುಃಖವನ್ನೆಲ್ಲ ಪ್ರತೀಕಾರವನ್ನು ಅರಸದೆ, ಚಿಂತೆ ವಿಲಾಪಗಳಿಗೆ ಎಡೆಗೊಡದೆ ಸಹಿಸುವುದೇ ತಿತಿಕ್ಷೆಯೆಂದು ಆ ಗ್ರಂಥದ ಅಭಿಪ್ರಾಯ. ವಿಲಾಪವನ್ನು ಬಿಡುವುದು ದುಷ್ಕರವಾದರೂ ಯುಕ್ತವೆನ್ನೋಣ; ಪ್ರತೀಕಾರವನ್ನೂ ಬಿಡಬೇಕೆಂದರೆ, ಪ್ರತಿನಿತ್ಯ ಬೆಳಿಗ್ಗೆ ತಿಂಡಿಯಾದ ಮೇಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆಯನ್ನು ನುಂಗುವವನಿಗೆ ಮುಮುಕ್ಷುಗಳ ಪಂಕ್ತಿಯಲ್ಲಿ ಎಲೆಯೇ ಇಲ್ಲವೆ?

ಸಾರ್ಕಾಯಿಡೋಸಿಸ್ ಎಂಬ ವ್ಯಾಧಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಕೇಳುವುದಕ್ಕೆ ಕಾರಣವುಂಟು. ಲಂಡನ್ನಿನ ಜೊನಾಥನ್ ಹಚಿನ್ಸನ್ 1877ರಲ್ಲಿ ಇದರ ಚರ್ಮಚಿಹ್ನೆಗಳನ್ನು ವರ್ಣಿಸಿದರು. ನಾರ್ವೆಯ ಸೀಸರ್ ಬೋಕ್ 1899ರಲ್ಲಿ ಇಂದಿನ ಹೆಸರಿಗೆ ಮೂಲವಾದ ಹೆಸರನ್ನಿತ್ತರು. ಮೂಲಕಾರಣ ಮಾತ್ರ ಇಂದಿಗೂ ನಿರ್ಧಾರವಾಗಿಲ್ಲ. ದೇಹವನ್ನು ಕಾಯಬೇಕಾದ ಕಣಗಳೇ ಶ್ವಾಸಕೋಶ, ಕಣ್ಣು, ಚರ್ಮಗಳಲ್ಲಿ ಗುಂಪುಗೂಡಿ ಸಣ್ಣ ಗಂಟುಗಳಾಗುತ್ತವೆ. ಅವು ಕ್ಷಯದ ಗಂಟುಗಳನ್ನು ಹೋಲುವುದರಿಂದ ನಮ್ಮ ದೇಶದಲ್ಲಿ ಮೊದಲು ಕ್ಷಯವೆಂದೇ ಬಗೆದು ಚಿಕಿತ್ಸೆ ನಡೆಸುವುದೂ ಉಂಟು. ಅನೇಕರಲ್ಲಿ ರೋಗ ತಾನಾಗಿ ಶಮನವಾಗುತ್ತದೆ. ಉಳಿದವರಲ್ಲಿ ಕೆಲವರಿಗೆ ಅತಿಸೂಕ್ಷ್ಮವಾದ ನರತಂತುಗಳು ಕೆಟ್ಟು ಅಂಗಾಲು ಕೆಂಡದಂತೆ ಉರಿಯುತ್ತದೆ, ರಾತ್ರಿ ಹೊದಿಕೆಯ ಸ್ಪರ್ಶವೂ ಸಹ್ಯವಾಗದು. ಆದರೆ ಸಾಮಾನ್ಯವಾದ ನರಪರೀಕ್ಷೆ ಅಳೆಯುವುದು ದಪ್ಪ ನರಗಳನ್ನಾದುದರಿಂದ ವರದಿಯಲ್ಲಿ ದೋಷವೇನೂ ಕಾಣದು. ರೋಗಿ ಸುಳ್ಳಾಡುತ್ತಿಲ್ಲ, ವರದಿಯೂ ಸುಳ್ಳಲ್ಲ.

ಸಾಕ್ಷಿಯಿಲ್ಲದ ಇಂಥ ನೋವಿಗೆ ಬಂಧುಗಳು ಪ್ರಾರಬ್ಧವೆಂಬ ಸಮಾಧಾನವನ್ನು ಹೊತ್ತು ತರುತ್ತಾರೆ. ಕರ್ಮಸಿದ್ಧಾಂತವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಅದು ಮನುಷ್ಯನು ತನ್ನ ವಿಷಯದಲ್ಲಿ ತಾನೇ ಹೇಳಿಕೊಂಡರೆ ಧೈರ್ಯ, ಮಂಚದ ಪಕ್ಕದಲ್ಲಿ ಕಾಫಿ ಕುಡಿಯುತ್ತ ಇನ್ನೊಬ್ಬನಿಗೆ ಹೇಳಿದರೆ ಅಪವಾದ.

ಬುದ್ಧನ ವೃತ್ತಾಂತದಲ್ಲಿ ನನಗೆ ಬಹು ಪ್ರಿಯವಾದ ಪ್ರಸಂಗವೊಂದಿದೆ. ಕಪಿಲವಸ್ತುವಿನ ಶಾಕ್ಯರು ಕಟ್ಟಿಸಿದ ಹೊಸ ಸಭಾಭವನದಲ್ಲಿ ರಾತ್ರಿ ಬಹಳ ಹೊತ್ತು ಉಪದೇಶಿಸಿದ ಬಳಿಕ ಆತನು, ತನಗೆ ಬೆನ್ನು ನೋಯುತ್ತಿದೆಯೆಂದು ತಿಳಿಸಿ, ಮುಂದಿನ ಬೋಧನೆಯನ್ನು ಶಿಷ್ಯನಾದ ಆನಂದನಿಗೆ ಒಪ್ಪಿಸಿ, ಮೇಲುವಸ್ತ್ರವನ್ನು ನಾಲ್ಕು ಮಡಿಕೆಯಾಗಿ ಹಾಸಿಕೊಂಡು ಬಲಮಗ್ಗುಲಾಗಿ ಮಲಗಿದನಂತೆ. ಗೋಳಾಡಲಿಲ್ಲ, ಜ್ಞಾನಿಯಾದವನಿಗೆ ಬೆನ್ನುನೋವೆ ಎಂದು ಜನ ಆಡಿಕೊಂಡಾರೆಂಬ ಸಂಕೋಚದಿಂದ ಕುಳಿತೇ ಇರಲೂ ಇಲ್ಲ. ಭಿಕ್ಷುಗಳಿಗೆ ಔಷಧಗಳನ್ನು ಅನುಮತಿಸಿದವನೂ ಅವನೇ. ಇತ್ತ ಚರಕಸಂಹಿತೆಯಾದರೋ, ಆರೋಗ್ಯವು ಚತುರ್ವಿಧ ಪುರುಷಾರ್ಥಗಳಿಗೂ ಮೂಲವೆಂದು ಆರಂಭಿಸಿ, ವೇದನೆಗಳೆಲ್ಲದರ ನಿವೃತ್ತಿ ಯೋಗ ಮೋಕ್ಷಗಳಲ್ಲಿ ಮಾತ್ರವೆಂದು ಶಾರೀರಸ್ಥಾನದಲ್ಲಿ ಒಪ್ಪಿಕೊಳ್ಳುತ್ತದೆ. ತನ್ನ ಶಾಸ್ತ್ರದ ಎಲ್ಲೆಯನ್ನು ವೈದ್ಯನೇ ಗುರುತಿಸಿರುವುದು ಸಣ್ಣ ವಿಷಯವಲ್ಲ.

ಆದುದರಿಂದ ಗೃಹಸ್ಥನಾದ ರೋಗಿ ಬಿಡಬೇಕಾದುದು ಪ್ರತೀಕಾರವನ್ನಲ್ಲ, ಪ್ರತೀಕಾರದಿಂದ ನೋವು ನಿಶ್ಶೇಷವಾಗಿ ತೊಲಗಲೇಬೇಕೆಂಬ ಹಟವನ್ನು ಎಂದು ನನಗೆ ತೋರುತ್ತದೆ. ಅರ್ಧ ಕೆಲಸಕ್ಕೇ ಎದ್ದು ವಿಶ್ರಮಿಸುವುದು, ನೋವು ಏರುವ ಮುನ್ನವೇ ಕಾಲು ಚಾಚುವುದು, ಇಂದು ಆಗದ್ದನ್ನು ಮನೆಯವರಿಗೆ ನಾಚದೆ ಹೇಳುವುದು, ಇವೂ ಅವನಿಗೆ ಸಾಧನೆಯೇ. ಈ ಮಾತು ರುಚಿಸದೆ, ವೈರಾಗ್ಯದ ಆವೇಶದಲ್ಲಿ ಗುಳಿಗೆಯನ್ನು ಒಮ್ಮೆಗೇ ಎಸೆಯಹೊರಟವರುಂಟಾದರೆ ಅವರಿಗೆ ಹೇಳಬೇಕಾದುದು ವೇದಾಂತವಲ್ಲ: ಬಹುಕಾಲ ಸ್ಟೀರಾಯ್ಡ್ ಸೇವಿಸಿದ ದೇಹದಲ್ಲಿ ಮೂತ್ರಪಿಂಡಗಳ ಮೇಲಣ ಗ್ರಂಥಿಗಳು ತಮ್ಮ ಸ್ರಾವವನ್ನು ಕುಗ್ಗಿಸಿಕೊಂಡಿರುತ್ತವೆ, ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ, ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕು.